ಒಂದೇ ಏಟಿನೊಳಗೆ ಗಡಸೂ ಇದೆ, ಮೆದುವೂ ಇದೆ

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ನಮ್ಮ ಬಡಾವಣೆಯ ಕ್ಲಾಸಿನಲ್ಲಿ ಮೂರು ವರ್ಷದಿಂದ ಕರಾಟೆ ಕಲಿಯುತ್ತಿದ್ದಾಳೆ. ಏಟು ತಡೆಯುವ ಅಭ್ಯಾಸ ಮಾಡಿ ಮಾಡಿ ಮುಂಗೈಯೆಲ್ಲ ನೀಲಿಗಟ್ಟಿದೆ. ಪರಿಚಯದವರೊಬ್ಬರು, "ಕರಾಟೆ ಹಾರ್ಡ್ ಸ್ಟೈಲ್, ಹೆಣ್ಣುಮಕ್ಕಳಿಗೆ ಐಕಿಡೊ, ತೈ ಚಿಯಂಥ ಸಾಫ್ಟ್ ಸ್ಟೈಲೇ ಸರಿ" ಎನ್ನುತ್ತಾರೆ. ಇನ್ನೊಬ್ಬರು, "ಸಾಫ್ಟ್ ಎಲ್ಲ ಬರೀ ಡಾನ್ಸು, ಬೀದಿಯಲ್ಲಿ ಕೆಲಸಕ್ಕೆ ಬರಲ್ಲ" ಎನ್ನುತ್ತಾರೆ. ನನಗೆ 47, ಮಂಡಿ ನೋವಿದೆ, ಆದರೂ ಏನಾದರೂ ಕಲಿಯುವ ಆಸೆ. ಹಾರ್ಡ್, ಸಾಫ್ಟ್ ಎಂದರೆ ನಿಜವಾಗಿ ಏನು? ಯಾವುದಕ್ಕೆ ಸೇರಬೇಕು?
(ಓದುಗರು, ಬನಶಂಕರಿ, ಬೆಂಗಳೂರು)

ಉತ್ತರ: ಮೊದಲು ಮಗಳ ಕೈಯ ವಿಷಯ ನೋಡೋಣ. ನಿಮ್ಮ ಇಡೀ ಪ್ರಶ್ನೆಗೆ ಉತ್ತರ ಆ ನೀಲಿಗಟ್ಟಿದ ಜಾಗದಲ್ಲೇ ಇದೆ.

ಇವತ್ತು ಸಂಜೆ ಅವಳನ್ನು ಎದುರಿಗೆ ನಿಲ್ಲಿಸಿಕೊಂಡು, ಅವಳ ಎದೆಯ ಕಡೆಗೆ ನಿಧಾನವಾಗಿ ಒಂದು ಗುದ್ದು ಚಾಚಿ. ಮುಟ್ಟಿಸಬೇಡಿ. ಕ್ಲಾಸಿನಲ್ಲಿ ಕಲಿತ ಹಾಗೇ ತಡೆ ಎನ್ನಿ. ಅವಳ ಮುಂಗೈ ಮೂಳೆ ನಿಮ್ಮ ಮುಂಗೈ ಮೂಳೆಗೆ ಅಡ್ಡಲಾಗಿ ಬಂದು ಟಪ್ಪೆಂದು ಬಡಿದರೆ ನೀಲಿಗಟ್ಟುವುದು ಅಲ್ಲೇ. ಈಗ ಎರಡು ಬದಲಾವಣೆ ಮಾಡಿಸಿ. ನಿಮ್ಮ ಕೈ ಹೊರಟ ಕೂಡಲೇ ಅವಳು ಅರ್ಧ ಹೆಜ್ಜೆ ಓರೆಯಾಗಿ ಮುಂದಕ್ಕೆ ಬರಲಿ. ಮುಂಗೈಯನ್ನು ಸಡಿಲವಾಗಿ ತಂದು ನಿಮ್ಮ ಕೈಗೆ ತಾಗಿಸಲಿ, ತಾಗಿದ ಮೇಲಷ್ಟೇ ಬೀಗದಲ್ಲಿ ಕೀಲಿ ತಿರುಗಿಸಿದಂತೆ ಅದನ್ನು ತಿರುಗಿಸಲಿ. ಸದ್ದೇ ಬರುವುದಿಲ್ಲ. ನಿಮ್ಮ ಗುದ್ದು ಅವಳ ಭುಜದ ಪಕ್ಕದಿಂದ ಜಾರಿ ಹೋಗುತ್ತದೆ, ಅವಳ ಕೈ ಮಾತ್ರ ನಿಮ್ಮ ಕೈಯ ಮೇಲೆ ಕೂತೇ ಇರುತ್ತದೆ. ಪಟ್ಟು ಅದೇ, ಅದರ ಹೆಸರೂ ಅದೇ, ಎರಡೂ ಕರಾಟೆಯೇ. ಮೊದಲ ಸಲ ಗಡಸಾಗಿ ಮಾಡಿದಳು, ಎರಡನೇ ಸಲ ಮೆದುವಾಗಿ ಮಾಡಿದಳು.

ಕರಾಟೆಯಲ್ಲಿ ಈ ಪಟ್ಟುಗಳಿಗೆ "ಉಕೆ" ಎನ್ನುತ್ತಾರೆ. ಕ್ಲಾಸುಗಳಲ್ಲಿ ಅದನ್ನು "ಬ್ಲಾಕ್" ಎಂದು ಹೇಳಿಕೊಡುವುದು ರೂಢಿಯಾಗಿಬಿಟ್ಟಿದೆ. ಆದರೆ ಜಪಾನಿ ಭಾಷೆಯಲ್ಲಿ "ಉಕೆರು" ಎಂದರೆ ಸ್ವೀಕರಿಸು. ಬಂದದ್ದನ್ನು ಬರಮಾಡಿಕೊಳ್ಳುವುದು. ಬಾಗಿಲಿಗೆ ಬಂದವರನ್ನು ಬರಮಾಡಿಕೊಳ್ಳುವಾಗ ನಾವು ಹೊಸ್ತಿಲಿಗೆ ಅಡ್ಡ ನಿಲ್ಲುತ್ತೇವೆಯೇ? ಒಂದು ಹೆಜ್ಜೆ ಸರಿದು ದಾರಿ ಬಿಟ್ಟು, ಅವರು ಎಲ್ಲಿ ಕೂರಬೇಕೆಂಬುದನ್ನು ಮಾತ್ರ ನಾವೇ ತೋರಿಸುತ್ತೇವೆ. ಒಂದು ಪದವನ್ನು ತಪ್ಪಾಗಿ ಅನುವಾದಿಸಿದ್ದರಿಂದ ಎಷ್ಟು ಮಕ್ಕಳ ಕೈ ಸುಮ್ಮನೆ ಊದಿಕೊಂಡಿದೆಯೋ ಎಂದು ನನಗೆ ನಿಜವಾಗಿ ಬೇಸರವಾಗುತ್ತದೆ. ನನ್ನ ಎಡ ಮಣಿಕಟ್ಟೂ ಅದಕ್ಕೆ ಸಾಕ್ಷಿ. ಹದಿನಾರನೇ ವಯಸ್ಸಿನಲ್ಲಿ, ಜೋರಾಗಿ ಬಡಿದಷ್ಟೂ ಒಳ್ಳೆಯದು ಎಂದು ನಂಬಿಸಿದ ಒಂದು ಕ್ಲಾಸಿನಲ್ಲಿ ಅದು ಕೆಟ್ಟಿತು, ಮಳೆಗಾಲ ಬಂದರೆ ಈಗಲೂ ನೋಯುತ್ತದೆ.

ಹಾಗಾದರೆ ಗಡಸು ಎಂದರೇನು? ಎದುರಾಳಿಯ ಬಲ ಯಾವ ಗೆರೆಯಲ್ಲಿ ಬರುತ್ತಿದೆಯೋ ಅದೇ ಗೆರೆಯಲ್ಲಿ ನಮ್ಮ ಬಲವನ್ನು ಎದುರು ನಿಲ್ಲಿಸುವುದು. ಮೆದು ಎಂದರೆ ಆ ಗೆರೆಯಿಂದ ಸರಿದು, ಬಲವನ್ನು ಸಾಗಲು ಬಿಟ್ಟು, ಅದರ ದಿಕ್ಕನ್ನು ಬದಲಿಸುವುದು, ಇಲ್ಲವೇ ಅದು ತಾಗುವ ಹೊತ್ತನ್ನು ಹಿಗ್ಗಿಸುವುದು. ಕ್ರಿಕೆಟ್ ಚೆಂಡನ್ನು ಕ್ಯಾಚ್ ಹಿಡಿಯುವಾಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತೀರಲ್ಲ, ಅದೇ ಲೆಕ್ಕ. ಚೆಂಡಿನ ವೇಗ ಅಷ್ಟೇ ಇದ್ದರೂ ಅದು ನಿಲ್ಲಲು ಹೆಚ್ಚು ಹೊತ್ತು ಸಿಕ್ಕಿದರೆ ಅಂಗೈಗೆ ಬೀಳುವ ಬಲ ಕಡಿಮೆಯಾಗುತ್ತದೆ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಬೇಡ: ಮೆದು ಪಟ್ಟಿನ ಫಲವೂ ಮೆದುವಾಗಿರುತ್ತದೆ ಎಂದೇನಿಲ್ಲ. ಜೂಡೊದಲ್ಲಿ ಒಬ್ಬ ನಿಮ್ಮನ್ನು ಮೆದುವಾಗಿಯೇ ಎತ್ತಿ ಸಿಮೆಂಟ್ ನೆಲಕ್ಕೆ ಹಾಕಿದರೆ, ಅದು ಎಷ್ಟೋ ಗುದ್ದುಗಳಿಗಿಂತ ಹೆಚ್ಚು ಹಾನಿ ಮಾಡುತ್ತದೆ.

ಕರಾಟೆ ಗಡಸು ಶೈಲಿ ಎನ್ನುವ ನಿಮ್ಮ ಪರಿಚಯದವರಿಗೆ ಒಂದು ಹೆಸರು ಹೇಳಿ: ಗೋಜು ರಿಯು. ಒಕಿನಾವಾ ದ್ವೀಪದ ನಾಹಾ ಊರಿನ ಚೋಜುನ್ ಮಿಯಾಗಿ (1888–1953) ಕಟ್ಟಿದ ಕರಾಟೆ ಶಾಖೆ ಇದು. "ಗೋ" ಎಂದರೆ ಗಡಸು, "ಜು" ಎಂದರೆ ಮೆದು. ಜೂಡೊ ಪದದಲ್ಲಿರುವ "ಜು" ಕೂಡ ಇದೇ. ಒಕಿನಾವಾದ ಗುರುಗಳು ಕೈಬರಹದಲ್ಲಿ ನಕಲು ಮಾಡಿಟ್ಟುಕೊಳ್ಳುತ್ತಿದ್ದ ಬುಬಿಶಿ ಎಂಬ ಚೀನೀ ಮೂಲದ ಗ್ರಂಥದಲ್ಲಿ, ಉಸಿರನ್ನು ಒಳಗೆಳೆಯುವುದು ಮತ್ತು ಹೊರಬಿಡುವುದರಲ್ಲೇ ಗಡಸು-ಮೆದು ಇದೆ ಎಂಬ ಅರ್ಥದ ಒಂದು ಸಾಲಿದೆ. ಮಿಯಾಗಿ ಹೆಸರನ್ನು ಆರಿಸಿಕೊಂಡದ್ದು ಅಲ್ಲಿಂದಲೇ. ಈ ಶಾಖೆಯಲ್ಲಿ ಎರಡು ಮುಖ್ಯ ಕಟಾಗಳು, ಅಂದರೆ ಒಬ್ಬರೇ ಕ್ರಮವಾಗಿ ಮಾಡುವ ಪಟ್ಟುಗಳ ಸರಣಿಗಳು, ಜೋಡಿಯಂತಿವೆ. ಮೊದಲನೆಯದು ಸಾಂಚಿನ್. ಕಾಲ್ಬೆರಳು ನೆಲ ಕಚ್ಚಿರುತ್ತದೆ, ಮಂಡಿ ತುಸು ಒಳಕ್ಕೆ, ಸೊಂಟದ ಕೆಳಗಿನದೆಲ್ಲ ಬಿಗಿ, ಉಸಿರು ಗಂಟಲಿನಲ್ಲಿ ಸದ್ದು ಮಾಡುತ್ತ ಹೊರಡುತ್ತದೆ. ಗುರು ಹಿಂದೆ ನಿಂತು ಭುಜ, ಬೆನ್ನು, ತೊಡೆಗೆ ಅಂಗೈಯಿಂದ ಬಡಿದು ಎಲ್ಲಿ ಸಡಿಲವಿದೆ ಎಂದು ಪರೀಕ್ಷಿಸುತ್ತಾರೆ. ಇನ್ನೊಂದು ತೆನ್ಶೊ, ಇದನ್ನು ಮಿಯಾಗಿಯವರೇ ಕಟ್ಟಿದರು. ಕಾಲು ಸಾಂಚಿನ್‌ನದೇ, ಕೈ ಮಾತ್ರ ನೀರಿನಲ್ಲಿ ಆಡಿಸಿದ ಹಾಗೆ ಮಣಿಕಟ್ಟಿನಿಂದ ಸುಳಿಯುತ್ತದೆ. ಕೆಳಗೆ ಬಂಡೆ, ಮೇಲೆ ಬಳ್ಳಿ. (ರಕ್ತದೊತ್ತಡ ಇರುವವರು ಸಾಂಚಿನ್‌ನ ಉಸಿರು ಬಿಗಿಹಿಡಿಯುವ ಅಭ್ಯಾಸವನ್ನು ವೈದ್ಯರನ್ನು ಕೇಳದೆ ಮಾಡಬಾರದು. ನಿಮ್ಮ ವಯಸ್ಸಿನವರಿಗೆ ಇದನ್ನು ನಾನು ಮೊದಲ ದಿನವೇ ಹೇಳುತ್ತೇನೆ.)

ಒಕಿನಾವಾದ್ದೇ ಇನ್ನೊಂದು ಶಾಖೆ ಉಯೆಚಿ ರಿಯು. ಅದರ ಹಳೆಯ ಹೆಸರು ಪಂಗಾಯ್‌ನೂನ್, ಅಂದರೆ ಅರ್ಧ ಗಡಸು, ಅರ್ಧ ಮೆದು. ಕಟ್ಟಿದವರೇ ಹೆಸರಿನಲ್ಲಿ ಎರಡನ್ನೂ ಇಟ್ಟು ಹೋಗಿದ್ದಾರೆ, ಒಂದನ್ನು ಕಳಚಿ ಹಾಕಿದವರು ನಾವು.

ನನಗೆ ಅತ್ಯಂತ ಇಷ್ಟದ ಸಂಗತಿ ಇನ್ನೂ ಒಳಗಿದೆ, ಒಂದೇ ಒಂದು ಏಟಿನ ಒಳಗೆ. ಕೆನಡಾದ ಬೆನ್ನುಮೂಳೆ ತಜ್ಞ ಸ್ಟುವರ್ಟ್ ಮೆಕ್‌ಗಿಲ್ ಮತ್ತು ಜೊತೆಗಾರರು 2010ರಲ್ಲಿ, ಮಿಶ್ರ ಸಮರಕಲೆಯ ಪಳಗಿದ ಹೋರಾಟಗಾರರು ಏಟು ಹಾಕುವಾಗ ಅವರ ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ಅಳೆದು ಪ್ರಕಟಿಸಿದರು. ಕೆಲವು ಸ್ನಾಯುಗಳು ಒಂದೇ ಏಟಿನಲ್ಲಿ ಎರಡು ಸಲ ಬಿಗಿಯುತ್ತವೆ. ಹೊರಡುವಾಗ ಒಮ್ಮೆ, ಗುರಿಗೆ ತಾಗುವಾಗ ಇನ್ನೊಮ್ಮೆ. ನಡುವೆ, ಕೈಯೋ ಕಾಲೋ ಗಾಳಿಯಲ್ಲಿ ಸಾಗುವ ಹೊತ್ತಿನಲ್ಲಿ ಅವು ಸಡಿಲಾಗುತ್ತವೆ. ಕಾರಣ ಸರಳ. ಕೈ ಚಾಚುವ ಸ್ನಾಯುವಿಗೆ ಎದುರಾಗಿ ಕೈ ಮಡಿಸುವ ಸ್ನಾಯುವೂ ಇದೆ. ಎರಡನ್ನೂ ಒಟ್ಟಿಗೆ ಬಿಗಿದರೆ ಕೈ ಗಟ್ಟಿಯಾಗುತ್ತದೆ, ಆದರೆ ಬ್ರೇಕ್ ಒತ್ತಿಕೊಂಡೇ ಆಕ್ಸಿಲರೇಟರ್ ತಿರುಗಿಸಿದ ಸ್ಕೂಟರಿನ ಹಾಗೆ ನಿಧಾನವಾಗುತ್ತದೆ. ವೇಗಕ್ಕೆ ಸಡಿಲು ಬೇಕು, ಹೊರಡುವುದಕ್ಕೂ ತಾಗುವುದಕ್ಕೂ ಬಿಗಿ ಬೇಕು. ಮಗಳ ಕ್ಲಾಸಿನಲ್ಲಿ ಮಕ್ಕಳು ಶುರುವಿನಿಂದ ಕೊನೆಯವರೆಗೂ ಹಲ್ಲು ಕಚ್ಚಿ, ಭುಜ ಕಿವಿಗೆ ಏರಿಸಿ ಗುದ್ದುತ್ತಿದ್ದರೆ ಅವರು ಗಡಸು ಶೈಲಿಯನ್ನೂ ಕಲಿಯುತ್ತಿಲ್ಲ.

ಜೂಡೊ ಕಟ್ಟಿದ ಜಿಗೊರೊ ಕಾನೊ (1860–1938) ಇದನ್ನು ಲೆಕ್ಕದಂತೆ ಬಿಡಿಸಿ ಹೇಳಿದ್ದರು. ಎದುರಾಳಿಯ ಬಲ 10, ನನ್ನದು 7 ಎಂದುಕೊಳ್ಳಿ. ಅವನು ಪೂರ್ತಿ ಬಲದಿಂದ ತಳ್ಳಿದಾಗ ನಾನೂ ತಳ್ಳಿದರೆ ಸೋಲುವುದು ನಾನೇ. ಅವನು ತಳ್ಳಿದಷ್ಟೇ ನಾನು ಸಮತೋಲ ಕೆಡದಂತೆ ಹಿಂದಕ್ಕೆ ಸರಿದರೆ ಅವನು ಮುಂದಕ್ಕೆ ಮುಗ್ಗರಿಸುತ್ತಾನೆ. ಆ ಕ್ಷಣ ಅವನು ಬಳಸಬಲ್ಲ ಬಲ 3ಕ್ಕೆ ಇಳಿದಿದೆ, ನನ್ನದು 7ರಲ್ಲೇ ಇದೆ. ಮೆಜೆಸ್ಟಿಕ್‌ಗೆ ಹೋಗುವ ಬಸ್ಸಿನಲ್ಲಿ ನಿಂತು ಹೋಗುವವರಿಗೆಲ್ಲ ಇದು ಗೊತ್ತು. ಡ್ರೈವರ್ ಬ್ರೇಕ್ ಹಾಕಿದಾಗ ಮುಂದಕ್ಕೆ ವಾಲಿದ ದೊಡ್ಡ ಆಳನ್ನೂ ಪಕ್ಕದ ಶಾಲಾ ಹುಡುಗ ಒಂದು ಬೆರಳಿನಿಂದ ಅತ್ತ ತಳ್ಳಬಲ್ಲ. 1882ರಲ್ಲಿ ಕೊಡೊಕಾನ್ ಶಾಲೆ ತೆರೆದ ಕಾನೊ ಅವರ ವಿದ್ಯೆಯ ಬುನಾದಿಯೇ ಈ ಸಮತೋಲ ಕೆಡಿಸುವಿಕೆ, ಜೂಡೊದವರ ಮಾತಿನಲ್ಲಿ "ಕುಜುಶಿ". ಕುಜುಶಿ ಆಗುವವರೆಗೆ ಮೆದು. ಆಮೇಲೆ ಎತ್ತಿ ಎಸೆಯುವ ಗಳಿಗೆಯಲ್ಲಿ ಸೊಂಟ, ತೊಡೆಗಳ ಬಲವೆಲ್ಲ ಒಟ್ಟಿಗೆ ಬರಬೇಕು. ಮೆದುವೇ ಸಾಕೆಂದು ನಂಬಿದವರು ಎದುರಾಳಿಯನ್ನು ವಾಲಿಸುತ್ತಾರೆ, ಆದರೆ ಕೆಡವಲಾರರು.

ಇಷ್ಟು ದೂರ ಜಪಾನಿಗೆ ಹೋಗಬೇಕಾಗಿಯೂ ಇರಲಿಲ್ಲ. ನಮ್ಮ ಬೆಂಗಳೂರಿನ ಪೇಟೆಯ ಗರಡಿ ಮನೆಗಳು ಇದನ್ನು ಹೆಸರಿಡದೆ ಕಲಿಸಿಕೊಂಡು ಬಂದಿವೆ. ಕಾಲೇಜಿನ ದಿನಗಳಲ್ಲಿ ಕಪ್ಪು ಬೆಲ್ಟ್ ಕಟ್ಟಿದ ಹುರುಪಿನಲ್ಲಿ ನಾನೂ ಅಂಥದೊಂದು ಗರಡಿಗೆ ಹೋದೆ. ತಲೆ ಬಾಗಿಸಿಯೇ ನುಗ್ಗಬೇಕಾದ ಗಿಡ್ಡ ಬಾಗಿಲು, ಒಳಗೆ ಎಣ್ಣೆ, ಅರಿಶಿನ ಬೆರೆಸಿ ಹದ ಮಾಡಿದ ಕೆಮ್ಮಣ್ಣು, ಗೋಡೆಯಲ್ಲಿ ಆಂಜನೇಯ, ಮೂಲೆಯಲ್ಲಿ ಗದೆಗಳು. ಅರವತ್ತು ದಾಟಿದ ವಸ್ತಾದರು ತಮ್ಮ ಒಂದು ಕೈ ನನ್ನ ಕತ್ತಿನ ಹಿಂದೆ, ಇನ್ನೊಂದು ಕೈ ನನ್ನ ಮೊಳಕೈ ಮೇಲೆ ಇಟ್ಟರು. ಇಟ್ಟರು ಅಷ್ಟೇ, ಹಿಡಿಯಲಿಲ್ಲ. ಒದ್ದೆ ಬಟ್ಟೆ ಹೊದಿಸಿದಷ್ಟು ಭಾರ. ನಾನು ಬಿಗಿಯಾಗಿ ನಿಂತೆ, ಅವರು ನನ್ನ ಕತ್ತನ್ನು ಒಂದಿಷ್ಟು ಒತ್ತಿದರು. ನಾನು ತಲೆ ಎತ್ತಿ ಎದುರೊತ್ತಿದ ಅದೇ ಗಳಿಗೆಯಲ್ಲಿ ಒತ್ತುವುದನ್ನು ಬಿಟ್ಟರು. ನನ್ನದೇ ಬಲಕ್ಕೆ ನನ್ನ ಎದೆ ಮೇಲಕ್ಕೆದ್ದಿತು, ಕೆಳಗೆ ಕಾಲು ಬರಿದಾಯಿತು, ಅವರು ಅದನ್ನು ಎತ್ತಿಕೊಂಡರು. ಮಣ್ಣು ರುಚಿ ನೋಡುವಾಗ ನನಗೆ ಹೊಳೆದದ್ದು: ಅವರ ಕೈ ಸಡಿಲವಾಗಿದ್ದದ್ದು ದಣಿವಿನಿಂದಲ್ಲ, ನನ್ನ ಮೈ ಏನು ಮಾಡಲಿದೆ ಎಂದು ಕೇಳಿಸಿಕೊಳ್ಳುವುದಕ್ಕೆ. ಬಿಗಿದ ಕೈಗೆ ತನ್ನ ಬಿಗಿಯೇ ಕೇಳಿಸುತ್ತದೆ, ಎದುರಾಳಿ ಕೇಳಿಸುವುದಿಲ್ಲ.

ಅದೇ ವಸ್ತಾದರು ಮರುಕ್ಷಣ ಹುಡುಗನೊಬ್ಬನಿಗೆ ಧೋಬಿ ಪಟ್ಟು ತೋರಿಸಿದರು. ಎದುರಾಳಿಯ ತೋಳನ್ನು ತನ್ನ ಹೆಗಲ ಮೇಲೆ ಎಳೆದುಕೊಂಡು, ಬೆನ್ನು ಕೊಟ್ಟು, ಒಗೆಯುವ ಕಲ್ಲಿಗೆ ಬಟ್ಟೆ ಸೆಣೆಯುವಂತೆ ತಲೆಯ ಮೇಲಿಂದ ತಂದು ನೆಲಕ್ಕೆ ಹಾಕುವುದು. ಜೂಡೊ ಕಲಿತವರು ನೋಡಿದರೆ ಇದು ತಮ್ಮ ಸೆಯೊಯಿ ನಾಗೆ ಎನ್ನುತ್ತಾರೆ. ಆ ಎಸೆತದಲ್ಲಿ ಮೆದು ಎಂಬುದು ಎಳ್ಳಷ್ಟೂ ಇರಲಿಲ್ಲ. ಆದರೆ ಅದಕ್ಕೆ ಮೊದಲಿನ ಅರ್ಧ ಸೆಕೆಂಡು ಪೂರ್ತಿ ಮೆದುವಾಗಿತ್ತು.

ಮೈಸೂರು ದಸರಾದಲ್ಲಿ ವಿಜಯದಶಮಿಯಂದು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗ ನಮ್ಮಲ್ಲಿರುವ ಅತಿ ಗಡಸು ಕಲೆಯಂತೆ ಕಾಣುತ್ತದೆ. ಬೆಂಗಳೂರು, ಮೈಸೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿಗಳು ತಲೆ ಬೋಳಿಸಿಕೊಂಡು, ಮುಷ್ಟಿಗೆ ಮೊನೆಯ ಆಯುಧ ತೊಟ್ಟು ಇಳಿಯುತ್ತಾರೆ. ಎದುರಾಳಿಯ ತಲೆಯಿಂದ ಮೊದಲ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯಿತು. ನೋಡುವವರ ಕಣ್ಣು ಆಯುಧ ತೊಟ್ಟ ಕೈಯ ಮೇಲಿರುತ್ತದೆ. ಮುಂದಿನ ಸಲ ಆಯುಧವಿಲ್ಲದ ಇನ್ನೊಂದು ಕೈಯನ್ನು ನೋಡಿ. ಹಿಡಿಯುವುದು, ಸರಿಸುವುದು, ದಾರಿ ತೆರೆಯುವುದು ಎಲ್ಲ ಆ ಖಾಲಿ ಕೈಯ ಕೆಲಸ.

ಇನ್ನು ಚೀನಾದ ಕಲೆಗಳು. ಶಾವೊಲಿನ್ "ಹೊರಗಿನ" ಗಡಸು ಕಲೆ, ತೈ ಚಿ ಮುಂತಾದವು "ಒಳಗಿನ" ಮೆದು ಕಲೆ ಎಂಬ ವಿಂಗಡಣೆಗೆ ಹಿಂದಿನ ದಾಖಲೆಯಾಗಿ 1669ರ ಒಂದು ಸಮಾಧಿ ಬರಹವನ್ನು ತೋರಿಸುತ್ತಾರೆ. ಹುವಾಂಗ್ ಝೊಂಗ್‌ಶಿ ಎಂಬ ವಿದ್ವಾಂಸ ಬರೆದದ್ದು. ಹೊರಗಿನಿಂದ ಬಂದು ಚೀನಾವನ್ನು ಗೆದ್ದ ಮಂಚು ಜನರ ಆಳ್ವಿಕೆಯನ್ನು ವಿರೋಧಿಸುತ್ತಿದ್ದವನು ಅವನು, ಹಾಗಾಗಿ "ಒಳಗೆ", "ಹೊರಗೆ" ಎಂಬ ಮಾತಿನಲ್ಲಿ ರಾಜಕೀಯವೂ ಇದ್ದಿರಬಹುದು ಎನ್ನುವ ಇತಿಹಾಸಕಾರರಿದ್ದಾರೆ. ಅಭ್ಯಾಸಕ್ಕೆ ಇಳಿದರೆ ಆ ಗೋಡೆ ನಿಲ್ಲುವುದಿಲ್ಲ. "ಒಳಗಿನ" ಪಟ್ಟಿಯಲ್ಲಿರುವ ಶಿಂಗ್ ಯಿ ನೇರ ನುಗ್ಗಿ ಹೊಡೆಯುವ ಕಲೆ. ಚೆನ್ ಮನೆತನದ ತೈ ಚಿಯಲ್ಲಿ "ಫಿರಂಗಿ ಮುಷ್ಟಿ" ಎಂಬ ಸಿಡಿಯುವ ವರಸೆಯಿದೆ. ಇತ್ತ ತೈ ಚಿಯ "ತುಯಿ ಶೌ", ವಿಂಗ್ ಚುನ್‌ನ "ಚಿ ಸಾವೊ", ಗೋಜು ರಿಯು ಕರಾಟೆಯ "ಕಾಕಿಯೆ" ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಇಬ್ಬರು ಮುಂಗೈಗೆ ಮುಂಗೈ ಅಂಟಿಸಿಕೊಂಡು, ತಳ್ಳುತ್ತ, ಬಿಡುತ್ತ, ಎದುರಿನವನ ತೂಕ ಎಲ್ಲಿದೆ ಎಂದು ಹುಡುಕುತ್ತಿರುತ್ತಾರೆ. ಗಡಸು ಶೈಲಿ ಎನಿಸಿಕೊಂಡದ್ದರ ಹೊಟ್ಟೆಯಲ್ಲೇ ಈ ಮೆದು ಅಭ್ಯಾಸ ಇದೆ. ಪರೀಕ್ಷೆಗೆ ಅಂಕ ಸಿಗುವುದಿಲ್ಲವೆಂದು ಎಷ್ಟೋ ಕ್ಲಾಸುಗಳು ಬಿಟ್ಟುಬಿಟ್ಟಿವೆ. ಕೇರಳದ ಕಳರಿಪಯಟ್ಟಿನ ಬಡಗು ಸಂಪ್ರದಾಯವನ್ನಂತೂ ಈ ಎರಡು ಡಬ್ಬಿಗಳಲ್ಲಿ ಯಾವುದಕ್ಕೂ ಹಾಕಲಾಗದು. ಮೈಯನ್ನು ಹಾವಿನಂತೆ ಬಳುಕಿಸಿ, ಅದೇ ಮೈಯಿಂದ ಆನೆಯ ಭಂಗಿಯಲ್ಲಿ ನೆಲ ಊರುತ್ತಾರೆ.

"ಸಾಫ್ಟ್ ಎಲ್ಲ ಡಾನ್ಸು" ಎಂದವರ ಮಾತಿನಲ್ಲಿ ಒಂದು ಸತ್ಯವಿದೆ, ಅದನ್ನು ಮುಚ್ಚಿಡಲಾರೆ. 2017ರ ಏಪ್ರಿಲ್‌ನಲ್ಲಿ ಚೀನಾದ ಚೆಂಗ್ಡುವಿನಲ್ಲಿ ಮಿಶ್ರ ಸಮರಕಲೆಯ ಶು ಶಿಯಾವೊಡಾಂಗ್ ಮತ್ತು ತೈ ಚಿ ಶಿಕ್ಷಕ ವೇ ಲೇ ಎದುರಾದರು. ಅರ್ಧ ನಿಮಿಷವೂ ಆಗಲಿಲ್ಲ, ತೈ ಚಿಯವರು ನೆಲದ ಮೇಲಿದ್ದರು. ಮೆದು ಪಟ್ಟುಗಳಿಗೆ ಬಲವಿಲ್ಲ ಎಂಬುದಕ್ಕೆ ಇದನ್ನು ಸಾಕ್ಷಿ ಮಾಡಬೇಡಿ. ಕಾನೊ ಅವರ ಶಿಷ್ಯರೂ ಮೆದು ಪಟ್ಟನ್ನೇ ಕಲಿತವರು, ಆದರೆ ಅವರು ದಿನವೂ "ರಾಂದೊರಿ" ಮಾಡುತ್ತಿದ್ದರು, ಅಂದರೆ ಒಪ್ಪಿಸಿಕೊಳ್ಳದ ಎದುರಾಳಿಯ ಜೊತೆ ಮುಕ್ತವಾಗಿ ಸೆಣಸುತ್ತಿದ್ದರು. ಮೆದುವಿಗೆ ಈ ಪರೀಕ್ಷೆ ಗಡಸಿಗಿಂತ ಹೆಚ್ಚು ಬೇಕು. ಗುದ್ದು ಸರಿಯಿಲ್ಲದಿದ್ದರೆ ಚೀಲಕ್ಕೆ ಗುದ್ದಿದಾಗಲೇ ಮಣಿಕಟ್ಟು ಹೇಳುತ್ತದೆ. ಸಮಯ ನೋಡಿ ಸರಿಯುವ ಪಟ್ಟು ಸರಿಯಿದೆಯೇ ಎಂದು ಹೇಳಬಲ್ಲವನು ಬೀಳಲು ಒಪ್ಪದ ಎದುರಾಳಿ ಮಾತ್ರ. ಐಕಿಡೊದ ಬಹುತೇಕ ಶಾಲೆಗಳಲ್ಲಿ ಸ್ಪರ್ಧೆಯಿಲ್ಲ. ಐಕಿಡೊ ಕಟ್ಟಿದ ಮೊರಿಹೆಯಿ ಉಯೆಶಿಬಾ (1883–1969) ಅವರ ಶಿಷ್ಯ ಕೆಂಜಿ ತೊಮಿಕಿ ಅದಕ್ಕೂ ರಾಂದೊರಿ ಸೇರಿಸಿದರು. ಅವರು ಮಾಡಿದ್ದು ಸರಿ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಬೀದಿಯ ವಿಷಯದಲ್ಲಿ ಒಂದು ಮಾತು. ಸ್ವರಕ್ಷಣೆಗೆ ಕಾನೂನಿನಲ್ಲಿ ಹಕ್ಕಿದೆ, 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಆದರೆ ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ. ಗುದ್ದು ಬಿಟ್ಟು ಬೇರೇನೂ ಗೊತ್ತಿಲ್ಲದವರಿಗೆ, ಕೈ ಹಿಡಿದೆಳೆದ ಕುಡುಕನಿಗೂ ಚಾಕು ಹಿಡಿದವನಿಗೂ ಒಂದೇ ಉತ್ತರ ಇರುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವಂಥ ಸಂದರ್ಭಕ್ಕೆ ಹಿಡಿತ ಬಿಡಿಸಿಕೊಂಡು ಓಡುವ ಮೆದು ಪಟ್ಟು ಬೇಕು. ಅದು ಕೆಲಸ ಮಾಡದಿದ್ದರೆ ಗಡಸು ಕೈಯಲ್ಲಿರಬೇಕು.

ಆದರೆ ಬೆಂಗಳೂರಿನ ಬೀದಿ ನಿಮ್ಮನ್ನು ಹೆಚ್ಚಾಗಿ ಕೆಡವುವುದು ಗುದ್ದಿನಿಂದಲ್ಲ. ಅಲುಗಾಡುವ ಫುಟ್‌ಪಾತ್ ಚಪ್ಪಡಿ, ಮಳೆಯಲ್ಲಿ ಜಾರುವ ಸ್ಕೂಟರು, ಅಪಾರ್ಟ್‌ಮೆಂಟಿನ ಒದ್ದೆ ಮೆಟ್ಟಿಲು. ಹಾಗಾಗಿ ಎಲ್ಲ ಮೆದು ಪಟ್ಟುಗಳಲ್ಲಿ ನಾನು ಮೊದಲು ಕಲಿಸುವುದು ಬೀಳುವುದನ್ನು, ಜೂಡೊದ "ಉಕೆಮಿ". ನೋಡಿ, ಇಲ್ಲೂ "ಉಕೆ" ಇದೆ, ಇಲ್ಲಿ ನೆಲವನ್ನು ಬರಮಾಡಿಕೊಳ್ಳುವುದು. ಹಿಂದಕ್ಕೆ ಬೀಳುವಾಗ ಗದ್ದವನ್ನು ಎದೆಗೆ ಒತ್ತಿ, ಕಣ್ಣು ಸ್ವಂತ ಬೆಲ್ಟಿನ ಗಂಟಿನ ಮೇಲಿರಬೇಕು. ಹಾಗಿದ್ದರೆ ತಲೆಯ ಹಿಂಭಾಗ ನೆಲಕ್ಕೆ ತಾಗುವುದಿಲ್ಲ. ಬೆನ್ನು ತೊಟ್ಟಿಲ ತಳದಂತೆ ಬಾಗಿರಬೇಕು. ಮೈಯಿಂದ ಸುಮಾರು 45 ಡಿಗ್ರಿ ದೂರದಲ್ಲಿ ಎರಡೂ ಕೈಗಳನ್ನು, ಅಂಗೈಯಿಂದ ಮುಂಗೈವರೆಗೆ ಒಟ್ಟಿಗೆ, ನೆಲಕ್ಕೆ ಬಡಿಯಬೇಕು. ಬೀಳುವಾಗ ಕೈ ಊರಿ ತಡೆಯಲು ಹೋಗುವುದು ಮನುಷ್ಯನ ಹುಟ್ಟುಗುಣ. ಮಣಿಕಟ್ಟು, ಕೊರಳೆಲುಬು ಮುರಿಯುವುದು ಹಾಗೆಯೇ. ಆ ಗುಣ ಬಿಡಲು ನೂರಾರು ಸಲ ಬೀಳಬೇಕು, ಮೊದಲು ಕುಕ್ಕರಗಾಲಿನಿಂದ, ದಪ್ಪ ಚಾಪೆಯ ಮೇಲೆ.

ಈಗ ನಿಮ್ಮ ಮನೆಯ ವಿಷಯ. ಮಗಳನ್ನು ಕರಾಟೆಯಿಂದ ಬಿಡಿಸಬೇಡಿ. ಮೂರು ವರ್ಷದಲ್ಲಿ ಅವಳಿಗೆ ನಿಲ್ಲುವುದು, ದೂರ ಅಳೆಯುವುದು, ಕಿರುಚುವುದು ಬಂದಿರುತ್ತದೆ, ಅದು ಸಣ್ಣ ಆಸ್ತಿಯಲ್ಲ. ಹೆಣ್ಣುಮಕ್ಕಳಿಗೆ ಮೆದು ಸಾಕು ಎಂಬ ಮಾತನ್ನು ಅವಳ ಕಿವಿಗೆ ಬೀಳಿಸಲೂ ಬೇಡಿ. ಕ್ಲಾಸಿಗೆ ಹೋಗಿ ಒಂದು ಗಂಟೆ ಕೂತು ನೋಡಿ. ಇಬ್ಬಿಬ್ಬರು ಜೋಡಿಯಾಗಿ ಮಾಡುವ ಅಭ್ಯಾಸದಲ್ಲಿ ಪಕ್ಕಕ್ಕೆ ಸರಿಯುವುದನ್ನು ಕಲಿಸುತ್ತಾರೆಯೇ? ನೀಲಿಗಟ್ಟಿದ ಕೈ ತೋರಿಸಿದರೆ ಶಿಕ್ಷಕರು ಅದನ್ನು ಹೆಮ್ಮೆಯ ಗುರುತು ಎನ್ನುತ್ತಾರೆಯೇ, ಅಥವಾ ಕೋನ ತಿದ್ದುತ್ತಾರೆಯೇ? ಅವಳ ಮೂಳೆ ಇನ್ನೂ ಬೆಳೆಯುತ್ತಿದೆ, ಹಂಚು ಒಡೆಯುವುದು, ಗೆಣ್ಣನ್ನು ಹಲಗೆಗೆ ಬಡಿದು ಗಟ್ಟಿ ಮಾಡುವುದು ಈಗ ಬೇಡವೇ ಬೇಡ. ರಜೆಯಲ್ಲಿ ಆರು ವಾರ ಜೂಡೊ ಅಥವಾ ಕುಸ್ತಿಗೆ ಕಳಿಸಿ, ಕರಾಟೆಗೆ ಮರಳಿದಾಗ ಅವಳ ಕೈ ಬೇರೆ ಥರ ಇರುತ್ತದೆ.

ನಿಮಗೆ ತೈ ಚಿ ಒಳ್ಳೆಯದು. ವಯಸ್ಸಾದವರು ಬೀಳುವುದನ್ನು ಕಡಿಮೆ ಮಾಡುವುದರಲ್ಲಿ, ಮಂಡಿ ಸವೆತದ ನೋವಿನಲ್ಲಿ ಅದು ನೆರವಾಗುತ್ತದೆಂದು ಅಧ್ಯಯನಗಳು ತೋರಿಸಿವೆ. ಆದರೆ ತಪ್ಪಾಗಿ ಮಾಡಿದರೆ ಅದೇ ಮಂಡಿಯನ್ನು ಕೆಡಿಸುತ್ತದೆ. ಮೊದಲ ವರ್ಷ ಎತ್ತರದ ನಿಲುವಿನಲ್ಲೇ ಮಾಡಿ. ಮಂಡಿ ಯಾವಾಗಲೂ ಕಾಲ್ಬೆರಳಿನ ದಿಕ್ಕಿಗೇ ಬಾಗಬೇಕು, ಒಳಕ್ಕೆ ಕುಸಿಯಬಾರದು. ತೂಕ ಬಿದ್ದಿರುವ ಕಾಲಿನ ಮೇಲೆ ತಿರುಗದೆ, ಮೊದಲು ತೂಕ ಇನ್ನೊಂದು ಕಾಲಿಗೆ ಸಾಗಿಸಿ ಆಮೇಲೆ ಪಾದ ತಿರುಗಿಸಿ. ಸೇರುವ ಮುನ್ನ ಶಿಕ್ಷಕರನ್ನು ತುಯಿ ಶೌ ಕಲಿಸುತ್ತೀರಾ ಎಂದು ಕೇಳಿ. ಕಲಿಸುವವರು ಸಿಕ್ಕರೆ ಬೆಳಗ್ಗೆ ಆರಕ್ಕೆ ಲಾಲ್‌ಬಾಗ್‌ವರೆಗೆ ಹೋಗಬೇಕಾದರೂ ಹೋಗಿ. ಭಾನುವಾರ ಸಂಜೆ ಮಗಳ ಮುಂಗೈಗೆ ನಿಮ್ಮ ಮುಂಗೈ ಅಂಟಿಸಿ ನಿಂತು, ಅವಳಿಗೆ ಕಾಕಿಯೆ ಎನ್ನಿ, ನಿಮಗೆ ತುಯಿ ಶೌ. ಹತ್ತು ನಿಮಿಷ ಸಾಕು, ಮತ್ತು ಮೊದಲ ತಿಂಗಳು ಇಬ್ಬರೂ ತಳ್ಳಬೇಡಿ, ಎದುರಿನ ತೂಕ ಯಾವ ಪಾದದ ಮೇಲಿದೆ ಎಂದು ಕಣ್ಣು ಮುಚ್ಚಿ ಹೇಳುವುದನ್ನಷ್ಟೇ ಮಾಡಿ.